ದೋಣಿಗೆ ಹಾಕಿದ ಹಿತ್ತಾಳೆ ಬಿರಡೆ

ದೋಣಿಯ ಮಾತು ನಮ್ಮ ಮನೆಗೆ ಬಂದದ್ದು ಮೀನಿನ ಬುಟ್ಟಿಯ ಜೊತೆಗೆ. ಸೂರತ್‌ನಲ್ಲಿ ದೊಡ್ಡ ಟ್ಯಾಂಕುಗಳನ್ನು ಕಟ್ಟುವ ಕೆಲಸಕ್ಕೆ ವಡೋದರಾದ ನಮ್ಮ ಕಂಪನಿ ನನ್ನನ್ನು ಒಂದು ವರ್ಷದ ಮಟ್ಟಿಗೆ ಕಳಿಸಿತ್ತು. ಬೆಸುಗೆ ಸರಿಯಾಗಿದೆಯೇ ಎಂದು ನೋಡಿ ಪಾಸು ಮಾಡುವುದು, ಇಲ್ಲದಿದ್ದರೆ ಕೆತ್ತಿ ತೆಗೆಸಿ ಮತ್ತೆ ಮಾಡಿಸುವುದು ನನ್ನ ಉದ್ಯೋಗ. ಅಡಾಜಣ್‌ನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ ಹಿಡಿದಿದ್ದೆವು. ಆ ಕಟ್ಟಡದ ಮುಕ್ಕಾಲು ಪಾಲು ಜನ ಮೀನಿನ ವಾಸನೆ ಸಹಿಸದವರು. ಹಾಗಾಗಿ ಮೀನು ಮಾರುವ ಕಾಕಿ ಬುಟ್ಟಿಗೆ ಒದ್ದೆ ಗೋಣಿ ಮುಚ್ಚಿಕೊಂಡು ಹಿಂದಿನ ಮೆಟ್ಟಿಲಿನಿಂದ ಹತ್ತಿ ಬರುತ್ತಿದ್ದರು. ನಾವು ಧಾರವಾಡದವರು. ಕಾರವಾರದ ಮೀನು ಬಸ್ಸಿನ ಮೇಲೆ ಬರುವುದನ್ನು ಕಾಯುತ್ತ ಬೆಳೆದ ನನ್ನ ಹೆಂಡತಿಗೆ ಬಾಗಿಲಿಗೇ ಬಂದು ಸಿಗಡಿ ಕೊಡುವ ಈ ಹೆಂಗಸು ದೇವರ ಸಮಾನ. ಒಬ್ಬರ ಗುಜರಾತಿಗೂ ಇನ್ನೊಬ್ಬರ ಹಿಂದಿಗೂ ಹೊಂದಾಣಿಕೆಯಿಲ್ಲದಿದ್ದರೂ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಕೂತು ತಾಸುಗಟ್ಟಲೆ ಮಾತಾಡುತ್ತಿದ್ದರು.

ಗುಜರಾತಿನ ದೊಡ್ಡ ಭೂಕಂಪವಾಗಿ ಎರಡು ವರ್ಷ ಕಳೆದಿತ್ತು. ನಾವು ಸೂರತ್‌ಗೆ ಬರುವ ಹಿಂದಿನ ಮಳೆಗಾಲದಲ್ಲಿ ಕಾಕಿಯ ಒಬ್ಬನೇ ಮಗ ತಾಪಿ ನದಿಯ ಅಳಿವೆಯಲ್ಲಿ ಮುಳುಗಿ ಹೋಗಿದ್ದ. ಹಳೆಯ ಮರದ ದೋಣಿಯ ಹಲಗೆಯೊಂದು ಬಿಟ್ಟುಕೊಂಡಿತ್ತಂತೆ. ಅಂದಿನಿಂದ ಕಾಕಿ ಗಂಡನನ್ನು ನೀರಿಗೆ ಇಳಿಯಲು ಬಿಟ್ಟಿರಲಿಲ್ಲ. ಕಾಕಾ ದಡದಲ್ಲಿ ಕೂತು ಬೇರೆಯವರ ಬಲೆ ಹೆಣೆದುಕೊಡುತ್ತಿದ್ದರು, ಕಾಕಿ ಬೇರೆಯವರು ಹಿಡಿದ ಮೀನನ್ನು ಮಾರುತ್ತಿದ್ದರು.

"ನೀರಿಗೆ ಹೋಗ್ದಿದ್ರೆ ಅವ್ರು ಸಾಯ್ತಾರೆ, ಹೋದ್ರೆ ನಾನು ಸಾಯ್ತೀನಿ" ಎಂದು ಒಂದು ದಿನ ನನ್ನ ಎದುರೇ ಹೇಳಿದರು. "ನೀನು ಎಂಜಿನಿಯರ್ ಅಲ್ವಾ ದೀಕ್ರಾ, ಮುಳುಗದ ದೋಣಿ ಎಲ್ಲಾದ್ರೂ ಸಿಗುತ್ತಾ?"

ದೀಕ್ರಾ ಅಂದರೆ ಮಗ. ಆ ಕಡೆಯ ಹೆಂಗಸರು ಹೂಕೋಸು ಮಾರುವಾಗಲೂ ಹಾಗೇ ಕರೆಯುತ್ತಾರೆ. ಆದರೂ ಆ ದಿನ ನನಗೆ ಅದು ನಾಟಿತು.

ಮುಂದಿನ ತಿಂಗಳು ಕಂಪನಿಯ ಕೆಲಸಕ್ಕೆ ಅಹ್ಮದಾಬಾದಿಗೆ ಹೋದಾಗ ಒಂದು ಯಂತ್ರ ಪ್ರದರ್ಶನದಲ್ಲಿ ಅಂಥ ದೋಣಿಯನ್ನು ನೋಡಿದೆ. ಹಲಗೆಗಳನ್ನು ಬಿಟ್ಟರೆ ಪೂರ್ತಿ ಅಲ್ಯೂಮಿನಿಯಂ, ಹದಿನೆಂಟು ಅಡಿ. ಮೂತಿಯಲ್ಲಿ, ನಡುವಿನ ಹಲಗೆಯ ಕೆಳಗೆ, ಹಿಂಬದಿಯಲ್ಲಿ ಹೀಗೆ ಮೂರು ಕಡೆ ಗಾಳಿಪೆಟ್ಟಿಗೆಗಳು. ನಾಲ್ಕೂ ಕಡೆಯಿಂದ ಬೆಸೆದು ಮುಚ್ಚಿದವು. ದೋಣಿ ಅಂಚಿನವರೆಗೂ ನೀರು ತುಂಬಿದರೂ ಆ ಪೆಟ್ಟಿಗೆಗಳ ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಅದನ್ನು ಮಾಡುವ ಸಣ್ಣ ಕಾರ್ಖಾನೆ ಇದ್ದದ್ದು ಗುಜರಾತಿನ ಗಡಿಯಾಚೆ, ದಮಣ್‌ನಲ್ಲಿ. ಕಾಗದ ತಂದು ಕಾಕಾನಿಗೆ ತೋರಿಸಿದೆ.

ಕಾಕಾ ಎಪ್ಪತ್ತರ ಹತ್ತಿರದವರು, ಒಣಗಿದ ಮೈ, ಮಾತು ಕಡಿಮೆ. ಚಿತ್ರವನ್ನು ದೂರ ಹಿಡಿದು ನೋಡಿ, "ಇದು ಪಾತ್ರೆ ಮಾಡೋ ತಗಡಲ್ವಾ ಸಾಹೇಬ?" ಎಂದರು. "ಒಲೆ ಮೇಲೆ ಇಡ್ಬೇಕೋ, ನೀರಿಗೆ ಬಿಡ್ಬೇಕೋ?"

ಕಾಕಿ ನಗಲಿಲ್ಲ. "ತುಂಬಿದ್ರೆ ಏನಾಗುತ್ತೆ?" ಎಂದು ನನ್ನನ್ನೇ ಕೇಳಿದರು.

"ತುಂಬಿದರೂ ಮುಳುಗೋದಿಲ್ಲ ಕಾಕಿ. ನಾನೇ ಪರೀಕ್ಷೆ ಮಾಡಿ ತರ್ತೀನಿ."

ಆ ಮಾತಿನ ಮೇಲೆಯೇ ಅವರು ಒಪ್ಪಿದ್ದು. ಸಾಲ ಗೀಲ ಏನೂ ಬೇಕಾಗಲಿಲ್ಲ. ಮಗನ ಮದುವೆಗೆಂದು ಕೂಡಿಟ್ಟದ್ದು ಇತ್ತು.

ಮೀನುಗಾರರು ಮಳೆಗಾಲದಲ್ಲಿ ದೋಣಿ ಮೇಲಕ್ಕೆಳೆದು ಕೂರುತ್ತಾರೆ. ನೂಲಹುಣ್ಣಿಮೆಯ ದಿನ ನೀರಿಗೆ ತೆಂಗಿನಕಾಯಿ ಬಿಟ್ಟು ಮತ್ತೆ ಶುರು. ಹೊಸ ದೋಣಿ ಇಳಿಸುವುದಾದರೆ ಅಂದೇ ಇಳಿಸಬೇಕು, ತಪ್ಪಿದರೆ ಆ ವರ್ಷ ಒಳ್ಳೆಯದಲ್ಲ ಎಂಬ ನಂಬಿಕೆ. ಹುಣ್ಣಿಮೆಗೆ ಹದಿನೈದು ದಿನ ಇರುವಾಗ ನಾನೂ ಕಾಕಾನೂ ದಮಣ್‌ಗೆ ಹೋದೆವು.

ಕಾರ್ಖಾನೆಯ ಮಾಲೀಕ ಚಹಾ ತರಿಸಿ, "ನೋಡೋದೇನಿದೆ, ತಗೊಂಡು ಹೋಗಿ" ಎಂದ. ನಾನು ಆಗಲೇ ಪ್ಯಾಂಟು ಮಡಿಸಿ ದೋಣಿಯ ಕೆಳಗೆ ತೂರಿದ್ದೆ. ನನ್ನ ಸ್ವಭಾವವೇ ಅಂಥದ್ದು. ಹೆಂಡತಿ ಹೇಳುವಂತೆ ನಾನು ಇಡ್ಲಿಯನ್ನೂ ಕವುಚಿ ನೋಡಿ ತಿನ್ನುವವನು. ಮೊದಲು ಬೆಸುಗೆಯ ಗೆರೆಗಳಿಗೆಲ್ಲ ಕೆಂಪು ಬಣ್ಣದ ದ್ರಾವಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದೆ. ಬಿರುಕಿದ್ದರೆ ಒಳಗಿಳಿದ ಕೆಂಪು ಬಿಳಿಯ ಮೇಲೆ ಎದ್ದು ಕಾಣುತ್ತದೆ. ಎಲ್ಲೂ ಕಾಣಲಿಲ್ಲ. ಆಮೇಲೆ ಗಾಳಿಪೆಟ್ಟಿಗೆಗಳು. ಒಂದೊಂದಕ್ಕೂ ಪರೀಕ್ಷೆಗೆಂದೇ ಬಿಟ್ಟ ಸಣ್ಣ ಕೊಳವೆಯಿತ್ತು. ಅದಕ್ಕೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ, ಬೆಸುಗೆಯ ಮೇಲೆ ಸಾಬೂನು ನೀರು ಸವರಿ, ಅರ್ಧ ತಾಸು ಕಾದೆ. ಮೂತಿಯದು ಸರಿ. ನಡುವಿನದು ಸರಿ. ಹಿಂಬದಿಯ ಪೆಟ್ಟಿಗೆಯ ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

"ಇಷ್ಟಕ್ಕೆಲ್ಲ ಯಾರು ತಲೆ ಕೆಡಿಸ್ಕೋತಾರೆ ಸಾಹೇಬ್ರೇ?" ಎಂದ ಮಾಲೀಕ.

"ನಾನು" ಎಂದೆ.

ಆ ಮೂಲೆಯನ್ನು ಪೂರ್ತಿ ಕೆತ್ತಿಸಿ ತೆಗೆಸಿದೆ. ಬೆಸುಗೆಗೆ ಬೇಕಾದ ಆರ್ಗಾನ್ ಅನಿಲದ ಸಿಲಿಂಡರ್ ಮುಗಿದಿತ್ತು. ಹೊಸದು ಬರಲು ಆರು ದಿನ ಹಿಡಿಯಿತು. ಏಳನೆಯ ದಿನ ಮತ್ತೆ ಹೋಗಿ, ಎದುರೇ ನಿಂತು ಬೆಸೆಸಿ, ಮತ್ತೆ ಸಾಬೂನು ನೀರು ಹಚ್ಚಿ ನೋಡಿದೆ. ಗುಳ್ಳೆ ಬರಲಿಲ್ಲ. ಪರೀಕ್ಷೆಯ ಕೊಳವೆಗಳನ್ನೂ ಕತ್ತರಿಸಿ ಬಾಯಿ ಬೆಸೆಸಿದೆ. ಕಾಕಾ ಇಡೀ ದಿನ ಬಿಸಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ಕೊನೆಗೆ ಹತ್ತಿರ ಬಂದು ಅಂಗಿಯ ಜೇಬಿನಿಂದ ಏನೋ ತೆಗೆದು ಅಂಗೈಯಲ್ಲಿ ಹಿಡಿದರು. ಹಳೆಯ ಕಾಲದ ತಾಮ್ರದ ತೂತು ಕಾಸು. ಮಗ ಕೂಸಾಗಿದ್ದಾಗ ಕಾಕಿ ಅವನ ಉಡಿದಾರಕ್ಕೆ ಕಟ್ಟಿದ್ದರಂತೆ. ಹೊಸ ದೋಣಿಯ ಮೂತಿಯ ಮರದಲ್ಲಿ ಮನೆಯ ಒಂದು ತಾಮ್ರದ ನಾಣ್ಯ ಬಡಿಯುವುದು ಅವರ ಜನರ ಪದ್ಧತಿ. ಇದನ್ನು ಕಾಕಿಯೇ ಕೊಟ್ಟು ಕಳಿಸಿದ್ದರು.

"ಇದನ್ನ ಮೂತಿ ಹಲಗೆ ಕೆಳಗೆ ಕೂರಿಸಿ ಕೊಡಿ ಸಾಹೇಬ."

ನಾನು ಖಂಡಿತ ಬೇಡ ಎಂದೆ. ಮರಕ್ಕಾದರೆ ನಡೆಯುತ್ತದೆ, ಅಲ್ಯೂಮಿನಿಯಂಗೆ ತಾಮ್ರ ಶತ್ರು. ಉಪ್ಪುನೀರಿನಲ್ಲಿ ಎರಡೂ ಒಂದಕ್ಕೊಂದು ತಾಗಿ ಕೂತರೆ ಅಲ್ಯೂಮಿನಿಯಂ ಬಿಳಿ ಹಿಟ್ಟಾಗಿ ಉದುರುತ್ತದೆ. ತಾಮ್ರವಷ್ಟೇ ಅಲ್ಲ, ತಾಮ್ರ ಬೆರೆತ ಹಿತ್ತಾಳೆ, ಕಂಚು ಯಾವುದನ್ನೂ ಇದಕ್ಕೆ ತಾಗಿಸಬಾರದು. ಶಾಲೆ ಮಾಸ್ತರನ ಹಾಗೆ ಬೆರಳೆತ್ತಿ ಹೇಳಿದೆ. ಕಾಕಾ ಕಾಸನ್ನು ಮತ್ತೆ ಜೇಬಿಗೆ ಹಾಕಿಕೊಂಡು, "ತಾಗಬಾರ್ದು" ಎಂದು ಪಾಠ ಒಪ್ಪಿಸುವವರಂತೆ ಎರಡು ಸಲ ಹೇಳಿಕೊಂಡರು.

ಕಾಗದಪತ್ರ ಆಗಲು ಇನ್ನೊಂದು ವಾರ ಹಿಡಿದು, ಹುಣ್ಣಿಮೆಯ ಹಿಂದಿನ ದಿನ ದೋಣಿಯನ್ನು ಸಣ್ಣ ಲಾರಿಗೆ ಏರಿಸಿ, ಹೊರಗೆ ಚಾಚಿದ ಹಿಂಬದಿಗೆ ಕೆಂಪು ಬಟ್ಟೆ ಕಟ್ಟಿ ಹೊರಟೆವು. ದಮಣ್‌ನಲ್ಲಿ ಹೆಂಡ ಸಿಗುತ್ತದೆ, ಗುಜರಾತಿನಲ್ಲಿ ನಿಷೇಧ. ಗಡಿಯ ತಪಾಸಣೆಯಲ್ಲಿ ಮದುವೆ ದಿಬ್ಬಣದ ಹಾಸಿಗೆ ಸುರುಳಿಯನ್ನೂ ಬಿಚ್ಚಿಸುತ್ತಾರೆ. ಕಾಗದಪತ್ರವೆಲ್ಲ ಸರಿಯಿತ್ತು. ಆದರೆ ಒಬ್ಬ ವಯಸ್ಸಾದ ಜಮಾದಾರ ಲಾರಿ ಹತ್ತಿ ಬೆತ್ತದಿಂದ ಹಿಂಬದಿಯ ಪೆಟ್ಟಿಗೆಯನ್ನು ಬಡಿದ. ಅದು ಟಣ್ ಎಂದಿತು.

"ಒಳಗೇನಿದೆ?"

"ಗಾಳಿ" ಎಂದೆ.

"ಮೂವತ್ತು ವರ್ಷದ ನೌಕರಿಯಲ್ಲಿ ದಮಣ್‌ನಿಂದ ಗಾಳಿ ತುಂಬ್ಕೊಂಡು ಬಂದವ್ರನ್ನ ಇವತ್ತೇ ನೋಡಿದ್ದು" ಎಂದ ಜಮಾದಾರ. ಸುತ್ತಲಿದ್ದವರು ನಕ್ಕರು. ನನಗೂ ನಗು ಬಂತು.

ಅವನದೇನೂ ತಪ್ಪಿರಲಿಲ್ಲ. ಮುಚ್ಚಿದ ಪೆಟ್ಟಿಗೆಯನ್ನು ನೋಡದೆ ಬಿಡುವ ಅಧಿಕಾರ ಅವನಿಗಿಲ್ಲ. ಮೇಲಧಿಕಾರಿ ಬರುವುದು ಮರುದಿನ ಸಂಜೆ. ಅಷ್ಟು ಹೊತ್ತಿಗೆ ಹುಣ್ಣಿಮೆಯ ಪೂಜೆಯೂ ನೀರೇರುವ ಭರತದ ಹೊತ್ತೂ ಮುಗಿದಿರುತ್ತಿದ್ದವು. ಕಾಕಾ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. ಕಾದುಬಿಡೋಣ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ಚೀಲದಲ್ಲಿ ಕೈ ಡ್ರಿಲ್ ಇತ್ತು. ಒಂದು ತೂತು ಕೊರೆದು ತೋರಿಸಿದರೆ ಆದೀತೇ ಎಂದು ಕೇಳಿದೆ. ಆದೀತು, ಆದರೆ ತಳದ ಹತ್ತಿರವೇ ಕೊರೆಯಬೇಕು ಎಂದ. ಬಾಟಲಿಯಿದ್ದರೆ ತಳದಲ್ಲೇ ಅಲ್ಲವೇ ಇರುವುದು?

ಕೊರೆದೆ. ನಾನೇ ಎರಡು ಸಲ ಪರೀಕ್ಷಿಸಿ ಪಾಸು ಮಾಡಿದ ಪೆಟ್ಟಿಗೆಗೆ ನಾನೇ ಕಿರುಬೆರಳಿನಷ್ಟು ತೂತು ಮಾಡಿದೆ. ಜಮಾದಾರ ಸೈಕಲ್ಲಿನ ಕಡ್ಡಿ ತೂರಿಸಿ ಆಡಿಸಿದ, ಬಗ್ಗಿ ಮೂಗಿಟ್ಟು ಮೂಸಿದ, ಕೈಮುಗಿದು ನಮಗೆಲ್ಲ ಚಹಾ ಕೊಡಿಸಿದ.

ಇನ್ನು ತೂತು ಮುಚ್ಚಬೇಕು. "ಮರದ ಗೂಟ ಹೊಡೀಲಾ ಸಾಹೇಬ?" ಎಂದರು ಕಾಕಾ. "ನೀರು ಕುಡಿದ್ರೆ ಉಬ್ಬಿ ಇನ್ನೂ ಬಿಗಿಯಾಗುತ್ತೆ."

ನಾನು ಪಾಸು ಮಾಡಿದ ದೋಣಿಗೆ ಮರದ ಗೂಟವೇ! ನನಗೆ ಅವಮಾನವೆನಿಸಿತು. ಎದುರಿನ ನಲ್ಲಿ ಸಾಮಾನಿನ ಅಂಗಡಿಗೆ ಹೋಗಿ, ತಿರುಗಿಸಿ ಬಿಗಿಯಲು ತಿರುಪಿನ ಮರೆಯಿರುವ ಒಂದು ಬಿರಡೆ ತಂದೆ. ತೂತಿಗೆ ಮರೆ ಕೊರೆದು, ಬಿರಡೆಗೆ ಬಿಳಿ ಟೇಪು ಸುತ್ತಿ, ಸ್ಪ್ಯಾನರ್ ಹಾಕಿ ಬಿಗಿದೆ. ಅಂಗಡಿಯಲ್ಲಿದ್ದದ್ದು ಹಿತ್ತಾಳೆಯದು ಮಾತ್ರ. ಬಿಗಿಯುವಾಗ ನನಗೆ ಅದು ಗೊತ್ತಿತ್ತು. ಹದಿನೈದು ದಿನದ ಮಾತು, ಆಮೇಲೆ ತೆಗೆದು ಬೆಸೆದರಾಯಿತು ಎಂದುಕೊಂಡೆ. ಕಾಕಾನಿಗೂ ಅಷ್ಟೇ ಹೇಳಿದೆ, "ಹದಿನೈದು ದಿನ ಬಿಟ್ಟು ಇಲ್ಲಿ ಬೆಸುಗೆ ಹಾಕಿಸ್ತೀನಿ." ಹಿತ್ತಾಳೆ ಎಂದು ಹೇಳಲಿಲ್ಲ.

ಮರುದಿನ ಬೆಳಗಿನ ಭರತಕ್ಕೆ ಸರಿಯಾಗಿ ದೋಣಿ ನೀರಿಗಿಳಿಯಿತು. ಮೂತಿಗೆ ಕುಂಕುಮ, ಚೆಂಡುಹೂವಿನ ಮಾಲೆ. ಕಾಕಿ ದಡದಲ್ಲಿ ನಿಂತು, "ಅಲ್ಲೇ ತುಂಬಿಸಿ ತೋರಿಸು" ಎಂದು ಹಟ ಹಿಡಿದರು. ನಾನೂ ಕಾಕಾನ ತಮ್ಮನೂ ಸೊಂಟದುದ್ದ ನೀರಿನಲ್ಲಿ ನಿಂತು ಬಕೀಟಿನಿಂದ ದೋಣಿಗೆ ನೀರು ಸುರಿದೆವು. ಅಂಚಿನವರೆಗೂ ತುಂಬಿತು. ದೋಣಿ ಎಮ್ಮೆಯ ಹಾಗೆ ಬೆನ್ನಷ್ಟೇ ತೋರಿಸುತ್ತ ತೇಲಿತು, ಮುಳುಗಲಿಲ್ಲ. ಕಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನನಗೆ ಅಷ್ಟು ಸಂತೋಷ ಯಾವ ಟ್ಯಾಂಕು ಪಾಸು ಮಾಡಿದಾಗಲೂ ಆಗಿರಲಿಲ್ಲ.

ಹದಿನೈದು ದಿನಕ್ಕೆ ದಡಕ್ಕೆ ಹೋದೆ. ಸಿಗಡಿ ಚೆನ್ನಾಗಿ ಬೀಳುತ್ತಿತ್ತು. ದೋಣಿಯನ್ನು ಬೆಸುಗೆಯ ಅಂಗಡಿಗೆ ಒಯ್ದು ತರಲು ಮೂರು ದಿನ ಬೇಕು. "ದೀಪಾವಳಿ ಕಳೀಲಿ ಸಾಹೇಬ" ಎಂದರು ಕಾಕಾ. ಆಗಲಿ ಎಂದೆ. ದೀಪಾವಳಿಗೆ ಮೊದಲೇ ಕಂಪನಿ ನನ್ನನ್ನು ವಡೋದರಾದ ಮಕರಪುರ ಕಾರ್ಖಾನೆಗೆ ವಾಪಸು ಕರೆಸಿಕೊಂಡಿತು. ಆಗಾಗ ಹೆಂಡತಿ ನೆನಪಿಸುತ್ತಿದ್ದಳು.

"ಅಲ್ರೀ, ಅದೊಂದು ಬಿರಡಿ ತಗದು ಬೆಸಿಗಿ ಹಾಕಿಸಿ ಬರಾಕ ನಿಮಗ ಒಂದ್ ರವಿವಾರ ಸಿಗವಲ್ದನು?"

"ಮುಂದಿನ ವಾರ ಹೋಗತೇನಿ."

"ಮುಂದಿನ ವಾರ, ಮುಂದಿನ ವಾರ. ನಾಳೆ ಅಂದವನ ಮನಿ ಹಾಳು ಅಂತಾರ."

ಹೋಳಿಯ ಹೊತ್ತಿಗೆ ಕಾಕಾ ಒಮ್ಮೆ ಫೋನು ಮಾಡಿದರು. ಮೊಬೈಲಿಗೆ ಬರುವ ಕರೆ ಪುಕ್ಕಟೆಯಾಗಿದ್ದ ಹೊಸತು. ನಾನು ಕಾರ್ಖಾನೆಯಲ್ಲಿ, ಗ್ರೈಂಡರ್ ಸದ್ದಿನ ನಡುವೆ ಒಂದು ಕಿವಿ ಮುಚ್ಚಿಕೊಂಡು ಮಾತಾಡಿದೆ.

"ದೋಣಿ ಹಿಂದೆ ಭಾರ ಆಗಿದೆ ಸಾಹೇಬ. ಮೂತಿ ಎತ್ತಿಕೊಂಡು ಹೋಗ್ತಾ ಇದೆ."

"ಎಂಜಿನ್ ಹಿಂದೆ ಇದೆಯಲ್ಲ ಕಾಕಾ. ಸೀಮೆಎಣ್ಣೆ ಕ್ಯಾನು ಮುಂದಕ್ಕಿಡಿ, ಸರಿಹೋಗುತ್ತೆ."

"ಹೌದಾ? ಇಡ್ತೀನಿ" ಎಂದರು.

ಕ್ಷಣ ನಿಂತು ಯೋಚಿಸಿದ್ದರೆ ತಿಳಿಯುತ್ತಿತ್ತು. ಅದೇ ಎಂಜಿನ್ ಏಳು ತಿಂಗಳಿಂದ ಅಲ್ಲೇ ಇತ್ತು. ಭಾರ ಹೊಸದು. ಪೆಟ್ಟಿಗೆಯೊಳಗೆ ಗಾಳಿಯ ಜಾಗದಲ್ಲಿ ನೀರು ಸೇರುತ್ತಿತ್ತು. ಈಗಲೂ ಆ ಮಾತು ಕಿವಿಯಲ್ಲಿದೆ, ಗ್ರೈಂಡರಿನ ಸದ್ದಿನ ಸಮೇತ.

ಬೇಸಗೆಯಲ್ಲಿ ಕಾಕಾನ ತಮ್ಮನಿಂದ ಫೋನು ಬಂತು. ಅಣ್ಣತಮ್ಮ ಇಬ್ಬರೂ ಅಳಿವೆಯ ಹತ್ತಿರ ಬಲೆ ಎಳೆಯುತ್ತಿದ್ದಾಗ ಸರಕು ಸಾಗಿಸುವ ದೊಡ್ಡ ಬಾರ್ಜ್ ಒಂದು ಹಾದುಹೋಗಿದೆ. ಅದರ ಅಲೆ ದೋಣಿಯನ್ನು ತುಂಬಿಸಿದೆ. ತುಂಬಿದರೂ ಮುಳುಗುವುದಿಲ್ಲ ಎಂಬ ಧೈರ್ಯದಲ್ಲಿ ಕಾಕಾ ಅಂಚು ಹಿಡಿದು ಕೂತೇ ಇದ್ದರು. ತಮ್ಮ ಹಾರಿ ಈಜಿದ. ದೋಣಿ ಎಂಜಿನ್ನಿನ ಭಾರಕ್ಕೆ ಹಿಂಬದಿಯಿಂದ ಕುಸಿದು, ನೆಟ್ಟಗೆ ನಿಂತು, ಕಾಕಾನನ್ನೂ ಬಲೆಯನ್ನೂ ಸುತ್ತಿಕೊಂಡು ಹೋಯಿತು.

ನಾನು ಅಲ್ಲಿಗೆ ಹೋಗಿ ಮುಟ್ಟಿದ್ದು ಮೂರನೆಯ ದಿನ. ಇಳಿತದಲ್ಲಿ ದೋಣಿಯನ್ನು ದಡಕ್ಕೆ ಎಳೆದು ಹಾಕಿದ್ದರು. ನಾನು ನೇರ ಹಿಂಬದಿಗೆ ಹೋಗಿ ಬಗ್ಗಿದೆ. ಬಿರಡೆಯ ಸುತ್ತ ಅಲ್ಯೂಮಿನಿಯಂ ತಿಂದುಹೋಗಿ ರೊಟ್ಟಿಯ ಮೇಲಿನ ಹಿಟ್ಟಿನಂತೆ ಬಿಳಿ ಪುಡಿ. ಬೆರಳು ತಾಗಿಸಿದೆ, ಬಿರಡೆ ತಿರುಗಿಸದೆಯೇ ಕೈಗೆ ಬಂತು. ಒಳಗಿನಿಂದ ನೀರು ಸುರಿಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತಂತೆ. ಆದರೆ ನಾನು ಬೀಳಲಿಲ್ಲ, ಬಿದ್ದವರು ಕಾಕಾ.

ಯಾರಿಗೂ ಆ ಪುಡಿಯ ಅರ್ಥ ಗೊತ್ತಿರಲಿಲ್ಲ. ಕಾಕಾನ ಮನೆಯ ಅಂಗಳದಲ್ಲಿ ನೆರೆದಿದ್ದವರು ಬೇರೆಯೇ ಕಾರಣ ಹುಡುಕಿಕೊಂಡಿದ್ದರು. ಮೂತಿಯ ಹಲಗೆ ಕಿತ್ತಾಗ ತೂತು ಕಾಸು ಸಿಕ್ಕಿತ್ತು. ಕಾಕಾ ನನಗೆ ತಿಳಿಯದಂತೆ ಅದನ್ನು ಅಲ್ಲಿ ಇಟ್ಟಿದ್ದರು.

"ಸಾಹೇಬ್ರು ಆಗ್ಲೇ ಹೇಳಿದ್ರು, ತಾಮ್ರ ಈ ದೋಣೀನ ತಿನ್ನುತ್ತೆ ಅಂತ" ಎಂದ ತಮ್ಮ ಎಲ್ಲರಿಗೂ ಕೇಳುವಂತೆ. "ಭಾಭಿನೇ ಕೊಟ್ಟಿದ್ದು. ಹಟ ಮಾಡಿ ಕೊಟ್ಟಿದ್ದು. ಮಗನ ಕಾಸು, ಅಪ್ಪನ್ನೂ ಕರ್ಕೊಂಡು ಹೋಯ್ತು."

ಕಾಕಿ ಗೋಡೆಗೊರಗಿ ಕೂತಿದ್ದರು. ಅವರೂ ಅದನ್ನೇ ನಂಬಿದ್ದಾರೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಪ್ಯಾಂಟಿನ ಜೇಬಿನಲ್ಲಿ ಹಿತ್ತಾಳೆ ಬಿರಡೆ ಇತ್ತು. ಸುಮ್ಮನೆ ಇದ್ದುಬಿಟ್ಟರೆ ಯಾರೂ ನನ್ನನ್ನು ಕೇಳುವವರಿರಲಿಲ್ಲ. ಸುಮ್ಮನಿರುವ ಆಸೆ ನನಗಾಯಿತು. ಎಷ್ಟು ಹೊತ್ತು ಎಂದು ಹೇಳಲಾರೆ, ಆದರೆ ಆಯಿತು.

"ಆ ಕಾಸು ಎಲ್ಲಿ?" ಎಂದು ಕೇಳಿದೆ.

ತಮ್ಮ ತಂದುಕೊಟ್ಟ. ಅದು ಬರಿಯ ಕಾಸಾಗಿರಲಿಲ್ಲ, ಕಪ್ಪು ಗಂಟು; ಹಿಸುಕಿದರೆ ಒಳಗಿನ ಕಾಸಿನ ತೂತು ಬೆರಳಿಗೆ ಸಿಗುತ್ತಿತ್ತು. ಸೈಕಲ್ ಟ್ಯೂಬಿನ ರಬ್ಬರನ್ನು ಎರಡು ಪದರ ಸುತ್ತಿ, ಬಲೆ ಹೆಣೆಯುವ ನೈಲಾನ್ ದಾರದಿಂದ ಒತ್ತೊತ್ತಾಗಿ ಹೊಲಿದು, ಮೇಲೆ ಟಾರು ಬಳಿದಿದ್ದರು. ಬಲೆ ಹೆಣೆಯುವವರ ಹೊಲಿಗೆ. ಬಿಚ್ಚಲು ನನಗೆ ಬಹಳ ಹೊತ್ತು ಬೇಕಾಯಿತು. ಒಳಗಿನ ಕಾಸು ಒಣಗಿತ್ತು, ಹೊಳೆಯುತ್ತಿತ್ತು. ತಮ್ಮನನ್ನು ದೋಣಿಯ ಹತ್ತಿರ ಕರೆದೊಯ್ದು ಮೂತಿಯಲ್ಲಿ ಅದನ್ನು ಇಟ್ಟಿದ್ದ ಜಾಗ ತೋರಿಸಿದೆ. ಅಲ್ಯೂಮಿನಿಯಂ ಹೊಸ ತಟ್ಟೆಯ ಹಾಗೆ ನುಣ್ಣಗಿತ್ತು. ತಾಗಬಾರದು ಎಂದು ನಾನು ಹೇಳಿದ್ದೆ. ಅವರು ತಾಗದ ಹಾಗೆಯೇ ಇಟ್ಟಿದ್ದರು.

ವಾಪಸು ಬಂದು ಕಾಕಿಯ ಎದುರು ಕೂತೆ. ಬಿರಡೆಯನ್ನು ಅವರ ಮುಂದೆ ನೆಲದ ಮೇಲಿಟ್ಟೆ.

"ಕಾಕಿ, ಕಾಸಿನದೇನೂ ತಪ್ಪಿಲ್ಲ. ಇದು ಮಾಡಿದ್ದು. ಇದರಲ್ಲಿ ತಾಮ್ರ ಇದೆ. ಗಡಿಯಲ್ಲಿ ಇದನ್ನ ಹಾಕಿದವನು ನಾನು."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವರಿಗೆ ಹೇಳಿದ್ಯಾ?"

"ಇಲ್ಲ."

ತಮ್ಮ ನನ್ನ ಅಂಗಿಯ ಕೊರಳು ಹಿಡಿದ. ಯಾರೋ ಬಿಡಿಸಿದರು. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಕಾಕಿ ಅದೇನನ್ನೂ ನೋಡದೆ ಟ್ಯೂಬಿನ ತುಂಡನ್ನು ಎತ್ತಿಕೊಂಡು ಹೊಲಿಗೆಯ ತೂತುಗಳ ಮೇಲೆ ಬೆರಳಾಡಿಸುತ್ತಿದ್ದರು.

"ನಲವತ್ತು ವರ್ಷ ನನ್ನ ಒಂದು ಮಾತೂ ಕೇಳಿದವರಲ್ಲ ಅವರು" ಎಂದರು ಆಮೇಲೆ. "ನೀನು ಹೇಳಿದ್ದನ್ನ ಕೇಳಿದ್ರು ನೋಡು."

ದೀಕ್ರಾ ಎನ್ನಲಿಲ್ಲ. ಮುಂದೆಂದೂ ಅನ್ನಲಿಲ್ಲ. ಕಾಸನ್ನು ಮತ್ತೆ ಆ ರಬ್ಬರಿನಲ್ಲೇ ಸುತ್ತಿ, ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ ಕೊನೆಯದಾಗಿ ಒಂದು ಕೇಳಿದರು.

"ಇದಕ್ಕೆ ನೀರು ತಾಗಿಲ್ಲ ಅಲ್ವಾ?"

"ಇಲ್ಲ" ಎಂದೆ. "ಒಂದು ಹನಿಯೂ ತಾಗಿಲ್ಲ."

ಆ ದೋಣಿಯ ಬಗ್ಗೆ ನಾನು ಅವರಿಗೆ ಕೊಟ್ಟ ಭರವಸೆಯ ಮಾತುಗಳಲ್ಲಿ ನಿಜವಾಗಿ ಉಳಿದದ್ದು ಅದೊಂದೇ.